ನಡುವಿನ ಹೆಸರು ಹೋದಾಗ

ಚಿಕ್ಕಂದಿನಲ್ಲಿ ಎಲ್ಲದಕ್ಕೂ ‘ಯಾಕೆ’ ಎಂದು ಕೇಳಿ ತಲೆ ತಿನ್ನುತ್ತಿದ್ದವಳಿಗೆ ಅಜ್ಜಿ ಇಟ್ಟ ಹೆಸರು ಯಾಕಮ್ಮ. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಪ್ರೋಗ್ರಾಮಿಂಗ್ ಕಲಿತು ಕೆಲಸಕ್ಕೆ ಸೇರಿದಳು. ಅವಳ ತಮ್ಮ ಒಮ್ಮೆ ಫೋನಿನಲ್ಲಿ ಹಾಗೆ ಕರೆದದ್ದು ಯಾರದೋ ಕಿವಿಗೆ ಬಿದ್ದು, ಕಚೇರಿಯಲ್ಲೂ ಅದೇ ಹೆಸರಾಯಿತು.

ಅವಳ ಕಚೇರಿ ಒಂದು ಕಣ್ಣಿನ ಆಸ್ಪತ್ರೆಗೆ ತಂತ್ರಾಂಶ ಬರೆದುಕೊಟ್ಟಿತ್ತು. ಅಲ್ಲಿ ಸರದಿಯಲ್ಲಿದ್ದವರ ಹೆಸರು ಗೋಡೆಯ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರುತ್ತಿತ್ತು. ಆದರೆ ಆಗಾಗ ಪರದೆ ಖಾಲಿಯಾಗಿ, ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಒಮ್ಮೆ ಹೀಗಾದಾಗ, ನರ್ಸ್ ಕೂಗಿದ್ದು ತಿಳಿಯದೆ ಕಿವಿ ಕೇಳದ ವೃದ್ಧೆಯೊಬ್ಬರಿಗೆ ಸರದಿ ತಪ್ಪಿಹೋಯಿತು. ಹೆಸರುಗಳು ಮರಳಿ ಬಂದಾಗ ಅವರದು ಇರಲಿಲ್ಲ. ಸಂಜೆಯವರೆಗೆ ಕೂತೇ ಇದ್ದರು.

“ಆಫ್ ಮಾಡಿ ಆನ್ ಮಾಡೋಕೆ ಹೇಳು, ಸಾಕು,” ಎಂದರು ಮ್ಯಾನೇಜರ್.

“ಕೆಟ್ಟಿದ್ರೆ ತಾನಾಗೇ ಯಾಕೆ ಸರಿಹೋಗತ್ತೆ ಸಾರ್? ಹೋಗಿ ನೋಡಿ ಬರ್ತೀನಿ.”

ಮರುದಿನ ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಪರದೆಯನ್ನೇ ನೋಡಿದಳು. ಸರದಿಯ ಕೊನೆಯಲ್ಲಿದ್ದ ಹೆಂಗಸು ನರ್ಸಿಗೆ ಹೇಳಿ ಮನೆಗೆ ಹೋದಳು. ಪರದೆಗೆ ಏನೂ ಆಗಲಿಲ್ಲ. ಆಮೇಲೆ ಒಬ್ಬ ಗಂಡಸು ಎದ್ದು, “ನಾನು ನಾಳೆ ಬರ್ತೀನಿ,” ಎಂದ. ನರ್ಸ್ ಅವನ ಹೆಸರು ತೆಗೆದದ್ದೇ ತಡ, ಪರದೆ ಖಾಲಿ.

“ಸಿಸ್ಟರ್, ಅವರು ಸಾಲಲ್ಲಿ ಎಲ್ಲಿದ್ರು?”

“ನಡುವೆ. ಯಾಕೆ?”

ಅವಳು ಮತ್ತೆ ಪರದೆಯತ್ತ ತಿರುಗಿದಳು. ಅಷ್ಟರಲ್ಲಿ ನರ್ಸ್ ಮುಂದಿನವರನ್ನು ಕೂಗಿದರು. ಹೆಸರುಗಳು ಮತ್ತೆ ಬಂದವು.

ಯಾಕಮ್ಮ ಅಲ್ಲೇ ಲ್ಯಾಪ್‌ಟಾಪ್ ತೆರೆದು, ಪರದೆಗೆ ಸರ್ವರ್ ಕಳಿಸಿದ್ದನ್ನು ನೋಡಿದಳು. ಖಾಲಿಯಾದ ಹೊತ್ತಿನಲ್ಲಿ ಹೋದ ಜೇಸನ್‌ನಲ್ಲಿ, ಅಂದರೆ ಸರ್ವರ್ ಮಾಹಿತಿ ಕಳಿಸುವ ಬರಹದಲ್ಲಿ, ಪಟ್ಟಿಯ ಗುರುತಾದ ಚೌಕ ಆವರಣದ ಬದಲು ಪುಷ್ಪಾವರಣವಿತ್ತು, ಪ್ರತಿ ಹೆಸರಿನ ಪಕ್ಕ ಒಂದು ಅಂಕಿ ಇತ್ತು. ಸೊನ್ನೆ, ಒಂದು, ಆಮೇಲೆ ನೇರವಾಗಿ ಮೂರು.

ಅವಳಿಗೆ ಈಗ ಅರ್ಥವಾಯಿತು. ಸರ್ವರ್ ಹೆಸರುಗಳನ್ನು ಸಾಲಾಗಿ ಇಟ್ಟುಕೊಂಡಿದ್ದ ಅರೇಯಲ್ಲಿ ಪ್ರತಿ ಹೆಸರಿಗೂ ಒಂದು ಸ್ಥಾನದ ಅಂಕಿ. ಮುಂದಿನವರನ್ನು ಕರೆದಾಗ ಉಳಿದವರ ಅಂಕಿಗಳು ಹೊಸದಾಗಿ ಜೋಡಣೆಯಾಗುತ್ತಿದ್ದವು. ನಡುವಿನಿಂದ ತೆಗೆದಾಗ ಮಾತ್ರ ಅಲ್ಲಿ ಬಿದ್ದ ತೂತು ಹಾಗೇ ಉಳಿಯುತ್ತಿತ್ತು. ಅಂಕಿಗಳು ಸೊನ್ನೆಯಿಂದ ಎಡೆಬಿಡದೆ ಬಂದರಷ್ಟೇ ಸರ್ವರ್ ಅದನ್ನು ಪಟ್ಟಿಯಾಗಿ ಬರೆಯುತ್ತಿತ್ತು. ತೂತಿದ್ದರೆ ಅಂಕಿ-ಹೆಸರಿನ ಜೋಡಿಗಳಾಗಿ ಕಳಿಸುತ್ತಿತ್ತು. ಪಟ್ಟಿಗಾಗಿ ಕಾಯುತ್ತಿದ್ದ ಪರದೆ ಅದರ ತಲೆಬುಡ ತಿಳಿಯದೆ ಖಾಲಿಯಾಗುತ್ತಿತ್ತು.

ಕಳಿಸುವ ಮೊದಲು ಹೆಸರುಗಳನ್ನಷ್ಟೇ ತೆಗೆದುಕೊಂಡು ಹೊಸದಾಗಿ ಅಂಕಿ ಹಾಕುವಂತೆ ಒಂದು ಸಾಲು ಸೇರಿಸಿದಳು. ಬಳಿಕ ತನ್ನ ಹೆಸರನ್ನೇ ನಡುವೆ ಸೇರಿಸಿ, ತೆಗೆಯುವಂತೆ ನರ್ಸಿಗೆ ಹೇಳಿದಳು. ಕೆಳಗಿನ ಹೆಸರುಗಳು ಒಂದೊಂದು ಮೆಟ್ಟಿಲು ಮೇಲೇರಿ ನಿಂತವು.

“ಆಯ್ತಲ್ಲಮ್ಮ, ಇನ್ನೇನು ಯೋಚನೆ?” ಎಂದರು ನರ್ಸ್.

“ಔಷಧಿ ಕೌಂಟರ್ ಪಟ್ಟಿನೂ ಹೀಗೇ ಬರೆದುಬಿಟ್ಟಿದೀವೇನೋ ಅಂತ.”

ಹಾಗೆಯೇ ಬರೆದಿದ್ದರು. ಅಲ್ಲಿ ಜನ ಸಾಲು ನೋಡದೆ ಬಂದು ಔಷಧಿ ಒಯ್ಯುತ್ತಿದ್ದರಿಂದ ಕಾಟ ಇನ್ನೂ ಹೆಚ್ಚು. ಅವಳು ಅದನ್ನೂ ಸರಿಮಾಡುವಾಗ ಕೌಂಟರಿನಾತ ಮೆಲ್ಲಗೆ ಹೇಳಿದ: “ನಾನು ಯಾರದೋ ದೃಷ್ಟಿ ತಾಗಿದೆ ಅಂದ್ಕೊಂಡಿದ್ದೆ ಮೇಡಂ.”

“ಕಣ್ಣಿನ ಆಸ್ಪತ್ರೇಲಿ ಅದಕ್ಕೇನು ಬರ,” ಎಂದು ಯಾಕಮ್ಮ ನಕ್ಕು, ಇನ್ನೊಮ್ಮೆ ನಡುವಿನ ಹೆಸರು ತೆಗೆಯಲು ಹೇಳಿದಳು.