ಭಾನುವಾರ ನೋಡಿದ ಮನೆ

ಬಾಡಿಗೆಗೆ ಕೊಡಲೆಂದು ಒಂದು ಮನೆ ಕೊಳ್ಳುವ ಯೋಚನೆ ಕನ್ನಡಕದಂಗಡಿಯವರ ತಲೆಗೆ ಬಂದದ್ದು ಮೊಣಕಾಲಿನ ದೆಸೆಯಿಂದ. ವರ್ಷಾನುಗಟ್ಟಲೆ ಕೌಂಟರಿನ ಹಿಂದೆ ನಿಂತೇ ದುಡಿದ ಕಾಲುಗಳು ಒಂದು ದಿನ ಮನೆಯ ಮೆಟ್ಟಿಲ ನಡುವೆ ಮುಷ್ಕರ ಹೂಡಿದವು. ಗೋಡೆ ಹಿಡಿದು ನಿಂತವರಿಗೆ, ಇನ್ನೆಷ್ಟು ವರ್ಷ ಹೀಗೆ ನಿಂತೇನು, ಕೂತಲ್ಲಿಗೆ ನಾಲ್ಕು ಕಾಸು ಬರುವ ದಾರಿ ಮಾಡಿಕೊಳ್ಳಬೇಕು ಅನ್ನಿಸಿತು. ಸ್ವಂತಕ್ಕೆ ಒಂದು ಮನೆ ಇತ್ತು. ಉಳಿತಾಯವೂ ಅಷ್ಟಿಷ್ಟಿತ್ತು. ಮಿಕ್ಕದ್ದಕ್ಕೆ ಬ್ಯಾಂಕಿದೆಯಲ್ಲ ಎಂದುಕೊಂಡರು.

ಮನೆ ತೋರಿಸಲು ಬಂದ ದಲ್ಲಾಳಿಗೆ ಅಂಗಡಿಯ ಬೀದಿಯಲ್ಲಿ ‘ಆಗುತ್ತೆಬಿಡಿ’ ಎಂದೇ ಹೆಸರು. ಛಾವಣಿ ಸೋರುತ್ತದೆಯೇ ಎಂದು ಕೇಳಿದರೂ, ಪತ್ರಗಳೆಲ್ಲ ಸರಿಯಿವೆಯೇ ಎಂದು ಕೇಳಿದರೂ ಆತನಿಂದ ಬರುತ್ತಿದ್ದ ಉತ್ತರ ಒಂದೇ: “ಅದೆಲ್ಲ ಆಗುತ್ತೆ ಬಿಡಿ ಸಾರ್.” ಅಂಗಡಿಗೆ ಭಾನುವಾರ ರಜೆ. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಮನೆ ನೋಡಲು ಹೋದದ್ದು ಭಾನುವಾರವೇ. ಒಳಗಲ್ಲಿಯಲ್ಲಿ ಎರಡು ಕೋಣೆಯ ಪುಟ್ಟ ಮನೆ. ಬಾಗಿಲೆದುರು ಮರದ ನೆರಳು. ಗಲ್ಲಿಯಲ್ಲಿ ಒಂದು ಬೆಕ್ಕು ಮಲಗಿತ್ತು, ಅದರ ಉಸಿರೂ ಕೇಳಿಸುವಷ್ಟು ನಿಶ್ಶಬ್ದ. ಪಕ್ಕಕ್ಕೆ ಅಂಟಿಕೊಂಡು ಒಂದು ಶೆಡ್ಡು, ಅದರ ಶಟರ್ ಎಳೆದಿತ್ತು.

“ಅದೇನು?” ಎಂದು ಕೇಳಿದರು ಕನ್ನಡಕದವರು.

“ಗೋಡೌನ್ ತರಹ ಸಾರ್. ಯಾರ ತಂಟೆಗೂ ಬರಲ್ಲ.”

ಹೆಂಡತಿ ಮಾತ್ರ, “ಇನ್ನೊಂದ್ಸಲ ಬೇರೆ ದಿನ ಬಂದು ನೋಡೋಣ್ರೀ” ಅಂದರು. ಬೇರೆ ದಿನವಾದರೆ ಅಂಗಡಿ ಮುಚ್ಚಬೇಕು. ಮೇಲಾಗಿ, ಸಂಜೆ ಇನ್ನಿಬ್ಬರು ನೋಡಲು ಬರುತ್ತಿದ್ದಾರೆ ಎಂದು ದಲ್ಲಾಳಿ ಕಿವಿಯಲ್ಲಿ ಊದಿದ್ದ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರೆ ಹೇಗೆ ಎಂದು ಕನ್ನಡಕದವರು ಅಲ್ಲೇ ಮುಂಗಡ ಕೊಟ್ಟು ಕೈ ಕುಲುಕಿದರು.

ಬೀಗದ ಕೈ ಸಿಕ್ಕಿದ ಮೇಲೆ ಬಣ್ಣದವನನ್ನು ಕರೆದುಕೊಂಡು ಹೋದದ್ದು ಒಂದು ಸೋಮವಾರ. ಗಲ್ಲಿಯ ತಿರುವಿನಲ್ಲಿ ಇರುವಾಗಲೇ ಢಣಢಣ ಸದ್ದು ಕಿವಿಗೆ ಬಡಿಯಿತು. ಶೆಡ್ಡಿನ ಶಟರ್ ಮೇಲೆ ಹೋಗಿತ್ತು. ಒಳಗೆ ನಾಲ್ಕು ಜನ ಸುತ್ತಿಗೆ ಹಿಡಿದು ತಗಡಿನ ಪೆಟ್ಟಿಗೆ, ಟ್ಯಾಂಕು, ಚಿಮಣಿ ಕೊಳವೆಗಳನ್ನು ಬಡಿಯುತ್ತಿದ್ದರು. ಮನೆಯೊಳಗೆ ನಿಂತರೆ ಹಲ್ಲು ನಡುಗುತ್ತಿತ್ತು. ಬಣ್ಣದವನು ಬಾಯಿ ಆಡಿಸಿದ, ಇವರಿಗೆ ಕೇಳಲಿಲ್ಲ. ಏನೆಂದು ಇವರು ಕೇಳಿದಾಗ ಆತ ಕೂಗಿ ಹೇಳಿದ: “ಯಾವ ಬಣ್ಣ ಅಂತ ಕೇಳಿದೆ ಸಾರ್!”

ಯಾವುದಾದರೂ ಹೊಡಿ ಎಂದು ಕನ್ನಡಕದವರು ಕೈಸನ್ನೆ ಮಾಡಿದರು.

ಮೊದಲು ಬಂದವರು ಎಳೆ ಮಗುವಿನ ದಂಪತಿ. ಮಗು ಮಲಗುವ ಹೊತ್ತಿಗೆ ಸರಿಯಾಗಿ ಸುತ್ತಿಗೆ ಏಳುತ್ತಿತ್ತು. ಗಂಟುಮೂಟೆ ಕಟ್ಟಲು ಅವರು ತಿಂಗಳು ತುಂಬುವವರೆಗೂ ಕಾಯಲಿಲ್ಲ. ಆಮೇಲೆ ಬಂದವಳು ರಾತ್ರಿ ಪಾಳಿಯ ನರ್ಸ್. ಹಗಲು ಮಲಗಬೇಕಾದವಳು. ಒಂದು ಮಧ್ಯಾಹ್ನ ಕೆಂಡದಂಥ ಕಣ್ಣು ಮಾಡಿಕೊಂಡು ಅಂಗಡಿಗೇ ಬಂದಳು. ಕನ್ನಡಕದವರು ಅಭ್ಯಾಸಬಲದಿಂದ ಕುರ್ಚಿ ತೋರಿಸಿ, “ಕೂತ್ಕೊಳ್ಳಮ್ಮ, ಕಣ್ಣು ನೋಡ್ತೀನಿ” ಅಂದರು.

“ಕನ್ನಡಕ ಬೇಡ ಸಾರ್, ನಿದ್ದೆ ಬೇಕು” ಎಂದು ಆಕೆ ಬೀಗದ ಕೈ ಕೌಂಟರಿನ ಮೇಲಿಟ್ಟು ಹೋದಳು.

ಅಲ್ಲಿಂದ ಮುಂದೆ ಮನೆ ಖಾಲಿ ಬಿತ್ತು. ಆದರೆ ಬ್ಯಾಂಕಿನ ಕಂತಿಗೆ ಮನೆ ಖಾಲಿಯೋ ಭರ್ತಿಯೋ ಎಂಬ ಭೇದವಿಲ್ಲ. ಖಾಲಿ ಮನೆ ತೆಪ್ಪಗೂ ಇರುವುದಿಲ್ಲ. ಒಮ್ಮೆ ನೀರಿನ ಪೈಪು ಒಡೆಯಿತು, ಇನ್ನೊಮ್ಮೆ ಬಚ್ಚಲ ಬಾಗಿಲು ಊದಿಕೊಂಡು ಮುಚ್ಚದಾಯಿತು. ಅಂಗಡಿ ಮುಚ್ಚಿದ ಮೇಲೆ ಮನೆಗೆ ಹೋಗಿ ಕಾಲು ಚಾಚಬೇಕಾದ ಮನುಷ್ಯ ಆ ಗಲ್ಲಿಗೆ ಹೋಗಿ ಕಿಟಕಿ ತೆರೆದು, ಕಸ ಗುಡಿಸಿ ಬರುತ್ತಿದ್ದರು.

ಹೆಂಡತಿ ಬಹಳ ದಿನ ತಡೆದುಕೊಂಡು, ಒಂದು ಸಂಜೆ ಊಟಕ್ಕೆ ಬಡಿಸುತ್ತ ಅಂದೇಬಿಟ್ಟರು: “ಊರಿಗೆಲ್ಲ ಕಣ್ಣು ಕೊಡೋರು ನೀವು. ಪಕ್ಕದಲ್ಲಿದ್ದ ಅಷ್ಟು ದೊಡ್ಡ ಶೆಡ್ಡು ಕಾಣಿಸ್ಲಿಲ್ವಾ?”

“ಕಾಣಿಸ್ತು. ಬಾಗಿಲು ಹಾಕಿತ್ತು.”

“ಬಾಗಿಲು ಹಾಕಿದ್ರೆ ತಟ್ಟಬೇಕು” ಅಂದರು ಆಕೆ.

ಜಗಳವಾಡಿಯಾದರೂ ನೋಡೋಣ ಎಂದು ಶೆಡ್ಡಿನ ಮೇಸ್ತ್ರಿಯ ಬಳಿ ಹೋದರು. ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಸಮಾಧಾನವಾಗಿಯೇ ಹೇಳಿದ: “ಯಜಮಾನ್ರೇ, ನಮ್ಮಪ್ಪನ ಕಾಲದಿಂದ ಇಲ್ಲಿ ಬಡೀತಿದ್ದೀವಿ. ನೀವು ಮೊನ್ನೆ ಬಂದೋರು. ಮೆತ್ತಗೆ ಬಡಿ ಅಂತೀರಿ, ಮೆತ್ತಗೆ ಬಡಿದ್ರೆ ತಗಡು ಬಗ್ಗುತ್ತಾ ನೀವೇ ಹೇಳಿ.” ಕನ್ನಡಕದವರು ವಾಪಸು ಬಂದರು. ಮಾರಿಬಿಡೋಣವೆಂದು ದಲ್ಲಾಳಿಯನ್ನು ಹುಡುಕಿದರೆ, ಈಗ ಮಾರ್ಕೆಟ್ ತಣ್ಣಗಿದೆ ಎಂದು ಆತ ರಾಗ ಎಳೆದ. ಆತ ಹೇಳಿದ ಬೆಲೆ ಕೊಂಡದ್ದಕ್ಕಿಂತ ಎಷ್ಟೋ ಕೆಳಗೆ. “ನಾನು ಕೊಳ್ಳೋವಾಗ ಬಿಸಿಯಾಗಿತ್ತಲ್ಲಪ್ಪ?” ಎಂದು ಕೇಳಿದರೆ, “ಆಗುತ್ತೆ ಬಿಡಿ ಸಾರ್” ಅಂದ.

ಹೀಗೆ ಬೇಸಿಗೆಯೂ ಕಳೆಯಿತು. ಒಂದು ಬೆಳಿಗ್ಗೆ ತಗಡಿನ ಮೇಸ್ತ್ರಿ ತಾನೇ ಕನ್ನಡಕದಂಗಡಿಗೆ ಬಂದ. ಅಳತೆಪಟ್ಟಿಯ ಗೆರೆಗಳು ಕಲಸಿದಂತೆ ಕಾಣುತ್ತವೆ, ನೆನ್ನೆ ಒಂದು ಇಡೀ ತಗಡು ತಪ್ಪು ಕತ್ತರಿಸಿ ಹಾಳಾಯಿತು ಎಂದ. ಕನ್ನಡಕದವರು ಒಳಗಿನ ಕೋಪ ಒಳಗೇ ಇಟ್ಟುಕೊಂಡು ಅವನ ಕಣ್ಣು ಪರೀಕ್ಷಿಸಿದರು. ಗಾಜು ಬದಲಿಸಿ ಬದಲಿಸಿ, ಈಗ ಹೇಗೆ, ಈಗ ಹೇಗೆ ಎಂದು ಕೇಳುವ ನಡುವೆ ಅದೂ ಇದೂ ಮಾತು ಬಂತು. ಮೇಸ್ತ್ರಿಯ ಮನೆ ಊರಿನ ಆ ತುದಿಗೆ. ನಾಲ್ಕನೇ ಮಹಡಿ. ಎರಡು ಬಸ್ಸು ಹಿಡಿದು ಬರಬೇಕು. ಹೆಂಡತಿಗೆ ಬೆನ್ನು ನೋವು, ಕೆಳಗಿಳಿದರೆ ಹತ್ತಲಾರಳು.

“ನಿಮ್ಮನೆ ಇನ್ನೂ ಖಾಲಿನೇ ಇದೆಯಾ?” ಎಂದು ಕೇಳಿದ.

“ನಿಮ್ಮ ದಯೆ.”

ಮೇಸ್ತ್ರಿ ನಕ್ಕ. ಆಮೇಲೆ, “ನನಗೇ ಕೊಟ್ಬಿಡಿ” ಅಂದ.

“ಸದ್ದು?”

“ಆ ಸದ್ದೇ ನಮ್ಮ ಅನ್ನ ಯಜಮಾನ್ರೇ. ಅದು ನಿಂತ್ರೇನೇ ನಮ್ಮನೇಲಿ ಎಲ್ರಿಗೂ ಭಯ.”

ಮೇಸ್ತ್ರಿ ಹೇಳಿದ ಬಾಡಿಗೆ ಕಂತಿಗೆ ಸಾಲದು. ಆದರೂ ಕನ್ನಡಕದವರು ಒಪ್ಪಿದರು. ಅಂದಿನಿಂದ ಆತ ಅಲ್ಲೇ ಇದ್ದಾನೆ. ಬಾಡಿಗೆ ಒಮ್ಮೊಮ್ಮೆ ತಡವಾಗುತ್ತದೆ, ಆದರೆ ಬರುತ್ತದೆ. ಕೊರತೆ ಬಿದ್ದಷ್ಟನ್ನು ಅಂಗಡಿಯೇ ತುಂಬಿಕೊಡಬೇಕು. ಕೂತು ತಿನ್ನಲು ಕೊಂಡ ಮನೆಯನ್ನು ನಿಂತು ಸಾಕುತ್ತಿದ್ದೇನೆ ಎಂದು ಅವರು ಒಮ್ಮೆ ಹೆಂಡತಿಗೆ ಹೇಳಿದ್ದುಂಟು. ಆಕೆ ನಗಲಿಲ್ಲ, ಅವರ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದರು.

ಇಷ್ಟಾದ ಮೇಲೆ, ಮೊನ್ನೆ ಅಕ್ಕನ ಮಗಳು ಬಂದಳು. ಹೊಸದಾಗಿ ಮದುವೆಯಾದವಳು, ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. “ಮಾಮ, ನಾವೂ ಒಂದು ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡೋಣ ಅಂತಿದ್ದೀವಿ. ನಾವು ನಿದ್ದೆ ಮಾಡ್ತಿದ್ರೂ ದುಡ್ಡು ಬರ್ತಾ ಇರುತ್ತಂತೆ” ಅಂದಳು.

“ದುಡ್ಡು ಬರುತ್ತೆ ಕಣಮ್ಮ. ನಿದ್ದೆ ಬರಲ್ಲ.”

ಅವಳ ಮುಖ ಸಣ್ಣಗಾಯಿತು. ಕನ್ನಡಕದವರಿಗೆ ಅಯ್ಯೋ ಅನ್ನಿಸಿ, ಕುರ್ಚಿ ಹತ್ತಿರ ಎಳೆದುಕೊಂಡರು. “ನೋಡು ಮಗಳೇ, ಬೇಡ ಅನ್ನಲ್ಲ. ಕೆಲಸದ ದಿನ ಹೋಗಿ ನೋಡು. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ದಲ್ಲಾಳಿನ ಕೇಳ್ಬೇಡ, ಅಕ್ಕಪಕ್ಕ ಇರೋರನ್ನ ಕೇಳು. ಪತ್ರ ನೋಡೋಕೆ ನಿನ್ನ ವಕೀಲರನ್ನ ನೀನೇ ಹಿಡ್ಕೋ, ಮಾರೋನು ತೋರಿಸಿದ ವಕೀಲ ಬೇಡ. ವರ್ಷಪೂರ್ತಿ ಬಾಡಿಗೆ ಬರುತ್ತೆ ಅಂತ ಲೆಕ್ಕ ಹಾಕ್ಬೇಡ. ಮನೆ ಖಾಲಿ ಬಿದ್ರೂ ಕಂತು ಕಟ್ಟೋಕಾಗುತ್ತಾ, ಅದನ್ನ ಯೋಚನೆ ಮಾಡು. ಇನ್ನಿಬ್ರು ಬರ್ತಿದ್ದಾರೆ ಅಂತ ಯಾರಾದ್ರೂ ಅವಸರ ಮಾಡಿದ್ರೆ, ಬರಲಿ ಬಿಡಿ ಅಂತ ಎದ್ದು ಬಾ.”

“ಮೊದ್ಲು ಕಾಲು ಗಟ್ಟಿ ಮಾಡ್ಕೋ ಅನ್ನಿ” ಎಂದು ಒಳಗಿನಿಂದ ಹೆಂಡತಿ ಸೇರಿಸಿದರು.

ಮಾತಿನಲ್ಲೇ ಮುಗಿಸಿದ್ದರೆ ಆಗಿತ್ತು. ಆದರೆ, “ನೋಡೋಕೆ ನೀವೂ ಬನ್ನಿ ಮಾಮ” ಅಂದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಬುಧವಾರ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೊರಟರು. ಅವಳು ಗೊತ್ತುಮಾಡಿದ್ದ ಫ್ಲ್ಯಾಟ್ ಮೂರನೇ ಮಹಡಿಯಲ್ಲಿ. ಲಿಫ್ಟ್ ಇನ್ನೇನು ಬರುತ್ತದಂತೆ. ಮೇಲೆ ಹತ್ತಿ, ನಲ್ಲಿ ತಿರುಗಿಸಿದರೆ ಗಾಳಿ ಬುಸುಗುಟ್ಟಿತು. ಎದುರುಮನೆಯ ಬಾಗಿಲು ತಟ್ಟಿದರು. ಬಕೆಟ್ಟು ಹಿಡಿದುಕೊಂಡೇ ಬಾಗಿಲು ತೆಗೆದ ಮುದುಕಿ, “ನೀರಾ? ವಾರಕ್ಕೆರಡು ಸಲ ಬರುತ್ತೆ, ಅದೂ ಮನಸ್ಸಿದ್ರೆ” ಅಂದಳು.

ಸೋದರ ಸೊಸೆ ಕೆಳಗಿಳಿದು ಕೊನೆಯ ಮೆಟ್ಟಿಲ ಮೇಲೆ ಕೂತಳು. ಕನ್ನಡಕದವರೂ ಕಂಬಿ ಹಿಡಿದು ನಿಧಾನವಾಗಿ ಇಳಿದು ಪಕ್ಕದಲ್ಲಿ ಕೂತರು.

“ಕಿಟಕಿಗೆ ಪರದೆ ಯಾವ ಬಣ್ಣದ್ದು ಅಂತ ಕೂಡ ಯೋಚನೆ ಮಾಡಿಟ್ಟಿದ್ದೆ ಮಾಮ” ಅಂದಳು.

“ಅತ್ತುಬಿಡು. ಸಹಿ ಹಾಕೋಕ್ಕೆ ಮುಂಚೆ ಅಳೋದು ಅಗ್ಗ.”

ಅವಳು ಅಳಲಿಲ್ಲ. ಮೂಗು ಒರೆಸಿಕೊಂಡು, ಮುಂದಿನ ವಾರ ಇನ್ನೊಂದು ಮನೆ ಇದೆ, ಬರುತ್ತೀರಾ ಎಂದು ಕೇಳಿದಳು. ಕನ್ನಡಕದವರು ಮೊಣಕಾಲು ನೀವಿಕೊಂಡರು. ಆಮೇಲೆ ಹೂಂ ಎಂದು ತಲೆಯಾಡಿಸಿ, ಏಳಲು ಆಸರೆಗೆಂದು ಅವಳತ್ತ ಕೈ ಚಾಚಿದರು.