ಬ್ರೇಕಿಗೆ ಹಚ್ಚಿದ ಎಣ್ಣೆ

ನನ್ನ ಅಣ್ಣ ಮೊದಲು ಹೊಡೆಯುತ್ತಿದ್ದ, ಕಾರಣವನ್ನು ಆಮೇಲೆ ಹುಡುಕುತ್ತಿದ್ದ. ಚಹಾ ಆರಿತ್ತು, ಅಂಗಿಯ ಗುಂಡಿ ಕಿತ್ತಿತ್ತು, ಲೋಕಲ್ ರೈಲು ತಪ್ಪಿತ್ತು, ಏನಾದರೊಂದು ಸಿಕ್ಕೇ ಸಿಗುತ್ತಿತ್ತು. ಐವತ್ತರ ದಶಕದ ಆ ವರ್ಷಗಳಲ್ಲಿ ಅಣ್ಣ, ಅವನ ಹೆಂಡತಿ ಮತ್ತು ನಾನು ಮುಂಬಯಿಯ ಪರೇಲಿನ ಒಂದು ಚಾಳಿನಲ್ಲಿ ಒಂದೇ ಖೋಲಿಯಲ್ಲಿದ್ದೆವು. ಅತ್ತಿಗೆಗೆ ನಮ್ಮ ಧಾರವಾಡದ ಕಡೆ ವೈನಿ ಅನ್ನುತ್ತೇವೆ. ಒಳಗಿನಿಂದ ಬೆಲ್ಟಿನ ಸದ್ದು ಬಂದರೆ ಪಕ್ಕದ ಖೋಲಿಯವರು ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ಗಾದೆ ಕಟ್ಟಿದವನು ನಮ್ಮ ಚಾಳಿನಲ್ಲಿ ಇದ್ದವನಲ್ಲ. ನಮ್ಮಲ್ಲಿ ಜಗಳ ಶುರುವಾಗುತ್ತಿದ್ದುದೇ ಉಂಡ ಮೇಲೆ.

ನನಗೇನು ಸಿಟ್ಟು ಕಡಿಮೆಯಿರಲಿಲ್ಲ. ಕುಡಿದದ್ದು ಅದೇ ತಾಯಿಯ ಹಾಲು. ಲೋಕಲಿನಲ್ಲಿ ಕಾಲು ತುಳಿದವನ ಕೊರಳಪಟ್ಟಿ ಹಿಡಿದವನು ನಾನು. ಆದರೆ ಅಪ್ಪ ಸತ್ತ ಮೇಲೆ ನನ್ನನ್ನು ಮುಂಬಯಿಗೆ ಕರೆತಂದು ಅನ್ನ ಹಾಕಿ ಕೆಲಸಕ್ಕೆ ಹಚ್ಚಿದವನು ಅಣ್ಣ. ಅವನ ಮುಂದೆ ನನ್ನ ಕೈ ಏಳುತ್ತಿರಲಿಲ್ಲ. ಅವನು ವೈನಿಯನ್ನು ಹೊಡೆಯುವಾಗ ನಡುವೆ ಹೋಗಿ ಒಂದೆರಡು ಏಟು ನಾನು ತಿನ್ನುತ್ತಿದ್ದೆ. ಅದನ್ನೇ ದೊಡ್ಡ ಗಂಡಸುತನ ಅಂದುಕೊಂಡಿದ್ದೆ.

ಅಣ್ಣ ದಾದರಿನಲ್ಲಿದ್ದ ನಮ್ಮ ಕಡೆಯ ಒಬ್ಬ ಬಟ್ಟೆ ಸಾವಕಾರರ ಸ್ಟೇಷನ್ ವ್ಯಾಗನ್ನಿಗೆ ಡ್ರೈವರ್. ಜೀಪಿನ ಮೂತಿ, ಬಸ್ಸಿನ ಹೊಟ್ಟೆ ಇದ್ದ ಗಾಡಿ ಅದು. ಸಾವಕಾರರ ತಾಯಿ, ಹೆಂಡತಿ, ಸೊಸೆಯಂದಿರು, ಮಕ್ಕಳು, ಮೇಲೆ ಫಳಾರದ ಡಬ್ಬಿಗಳು, ಎಲ್ಲ ಅದರಲ್ಲಿ ಹಿಡಿಸುತ್ತಿದ್ದವು. ನಾನು ಬೈಕುಲ್ಲಾದ ಒಂದು ಗ್ಯಾರೇಜಿನಲ್ಲಿ ಬ್ರೇಕಿನ ಮಿಸ್ತ್ರಿ. ಬ್ರೇಕ್ ಅಂದರೆ ಬಹಳ ಜನಕ್ಕೆ ಕಾಲಡಿಯ ಪೆಡಲ್ ಅಷ್ಟೇ ಗೊತ್ತು. ಗಾಲಿಯ ಒಳಗೆ ಬೋಗುಣಿಯಂಥ ಒಂದು ಡ್ರಮ್ ಇರುತ್ತದೆ. ಅದರೊಳಗೆ ಬಾಗಿದ ಎರಡು ಕಬ್ಬಿಣದ ಶೂ. ಅವುಗಳ ಬೆನ್ನಿಗೆ ಲೈನಿಂಗ್ ಎಂಬ ಒರಟು ಪಟ್ಟಿಯನ್ನು ರಿವೆಟ್ ಬಡಿದು ಕೂರಿಸುತ್ತೇವೆ. ಪೆಡಲ್ ಒತ್ತಿದರೆ ಶೂ ಅಗಲವಾಗಿ ಆ ಪಟ್ಟಿ ಡ್ರಮ್ಮಿಗೆ ಉಜ್ಜುತ್ತದೆ, ಗಾಲಿ ನಿಲ್ಲುತ್ತದೆ. ಲೈನಿಂಗಿನ ಒರಟುತನವೇ ಅದರ ಗುಣ. ಮೆತ್ತಗಿನ ಮನುಷ್ಯ ಒಳ್ಳೆಯವನಿರಬಹುದು, ಮೆತ್ತಗಿನ ಬ್ರೇಕು ಮಾತ್ರ ಕೊಲೆಗಡುಕ.

ಆ ವರ್ಷ ನವರಾತ್ರಿಯಲ್ಲಿ ವ್ಯಾಗನ್ನಿನ ಬ್ರೇಕು ಕಿರುಗುಟ್ಟತೊಡಗಿತು. ಲೈನಿಂಗ್ ಸವೆದು ರಿವೆಟ್ಟಿನ ತಲೆ ಡ್ರಮ್ಮನ್ನು ಕೆರೆಯುತ್ತಿತ್ತು. ದಸರೆಗೆ ಮನೆಮಂದಿಯೆಲ್ಲ ನೆಂಟರಿಗೆ ಬನ್ನಿ ಕೊಡಲು ಹೋಗಬೇಕು, ಅಷ್ಟರೊಳಗೆ ಗಾಡಿ ಬೇಕೇ ಬೇಕು ಎಂದು ಸಾವಕಾರರು ಹೇಳಿ ಕಳಿಸಿದ್ದರು. ಅಣ್ಣ ಗಾಡಿಯನ್ನು ಚಾಳಿನ ಅಂಗಳಕ್ಕೇ ತಂದ. ಇಟ್ಟಿಗೆಯ ಮೇಲೆ ಏರಿಸಿ, ಗಾಲಿ ಬಿಚ್ಚಿ, ಹಳೆಯ ಲೈನಿಂಗ್ ಕಿತ್ತು ಹೊಸದನ್ನು ಬಡಿದು ಮುಗಿಸುವಷ್ಟರಲ್ಲಿ ಖಂಡೇ ಪೂಜೆ ಬಂತು. ಆ ದಿನ ದುಡಿಯುವ ಆಯುಧಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತೇವೆ. ದಸರೆಯ ಬೆಳಗಿನವರೆಗೆ ಯಾರೂ ಅವನ್ನು ಮುಟ್ಟುವಂತಿಲ್ಲ. ಶೂಗಳನ್ನು ಗೋಣಿಯ ಮೇಲೆ ಬಿಟ್ಟು, ನಾಳೆ ಬೆಳಿಗ್ಗೆ ನಾನೇ ಬಂದು ಕೂರಿಸುತ್ತೇನೆ ಎಂದು ಅಣ್ಣನಿಗೆ ಹೇಳಿ ನಾನು ಗ್ಯಾರೇಜಿನ ಪೂಜೆಗೆ ಹೋದೆ. ರಾತ್ರಿ ಅಲ್ಲೇ ಉಳಿದೆ.

ಬೆಳಿಗ್ಗೆ ಬಂದು ನೋಡಿದರೆ ಅಂಗಳದಲ್ಲಿ ಬರೀ ಇಟ್ಟಿಗೆ. ಅಣ್ಣ ನಸುಕಿನಲ್ಲೇ ಎದ್ದು ಶೂ, ಡ್ರಮ್ಮು, ಗಾಲಿ ಎಲ್ಲ ತಾನೇ ಜೋಡಿಸಿಕೊಂಡು ಹೋದನೆಂದು ವೈನಿ ಹೇಳಿದಳು. ಜೋಡಿಸಲು ಅವನಿಗೆ ಬರುತ್ತಿತ್ತು, ಅವನಿಗೆ ಇಲ್ಲದ್ದು ತಾಳ್ಮೆ. ನನಗೆ ಮೈಯೆಲ್ಲ ಉರಿಯಿತು. ಬ್ರೇಕ್ ಆಯಿಲಿನ ಪೈಪಿನಲ್ಲಿ ಹವಾ ಉಳಿದಿದೆಯೋ ಏನೋ ಎಂದು ಬಯ್ದುಕೊಳ್ಳುತ್ತಲೇ ಲೋಕಲ್ ಹಿಡಿದು ದಾದರಿಗೆ ಹೋದೆ.

ಸ್ಟೇಷನ್ನಿನ ಸೇತುವೆಯ ಬುಡದಲ್ಲಿ ಜನ ಮುತ್ತಿಕೊಂಡಿತ್ತು. ವ್ಯಾಗನ್ ಒಂದು ಕೈಗಾಡಿಯ ಮೇಲೆ ಹತ್ತಿ ನಿಂತಿತ್ತು. ರಸ್ತೆಯ ತುಂಬ ಚೆಂಡುಹೂ. ಕೈಗಾಡಿ ಎಳೆಯುವವನ ಕಾಲು ಗಾಲಿಯ ಕೆಳಗೆ ಸಿಕ್ಕಿತ್ತು. ಅವನು ಕಿರುಚುತ್ತಿದ್ದ ರೀತಿಯನ್ನು ನಾನು ಬರೆಯಲಾರೆ. ಸಾವಕಾರರ ಮನೆಯ ಹೆಂಗಸರು ಒಡೆದ ಬಳೆಗಳಿಂದ ರಕ್ತ ಸುರಿಸುತ್ತ ಫುಟ್‌ಪಾತಿನಲ್ಲಿ ಕೂತಿದ್ದರು. ಅಣ್ಣನನ್ನು ಬಾಗಿಲಿನಿಂದ ಎಳೆದು ಹಾಕಿ ಜನ ಹೊಡೆಯುತ್ತಿದ್ದರು. ಕೆಲವರ ಕೈಯಲ್ಲಿ ಚಪ್ಪಲಿ, ಒಬ್ಬನ ಕೈಯಲ್ಲಿ ಕೈಗಾಡಿಯದೇ ಮುರಿದ ಪಟ್ಟಿ. ಆ ಕಿರುಚಾಟ ಕೇಳಿದವರು ಹೊಡೆದದ್ದು ತಪ್ಪೆಂದು ನಾನು ಇಂದಿಗೂ ಹೇಳಲಾರೆ. ಆದರೆ ಅವನು ನನ್ನ ಅಣ್ಣ. ಚೀಲದಲ್ಲಿದ್ದ, ನಟ್ಟು ಬಿಚ್ಚುವ ಪಾನಾ ತೆಗೆದು ನುಗ್ಗಿದೆ. ಯಾರ ಭುಜಕ್ಕೆ ಹೊಡೆದೆ, ಯಾರ ಮೊಣಕೈಗೆ ಹೊಡೆದೆ ನೋಡಲಿಲ್ಲ. ಅವರೂ ನನಗೆ ಕೊಡುವುದನ್ನು ಕೊಟ್ಟರು. ಪೊಲೀಸರು ಬರುವವರೆಗೆ ನಾನು ಅಣ್ಣನ ಮೇಲೆ ಕವುಚಿ ಬಿದ್ದಿದ್ದೆ. ಕೆಳಗಿನಿಂದ ಅವನು ಒಂದೇ ಮಾತು ಹೇಳುತ್ತಿದ್ದ, ಪೆಡಲ್ ಗಟ್ಟಿ ಇತ್ತು, ಗಾಡಿ ನಿಲ್ಲಲಿಲ್ಲ.

ಪೊಲೀಸರು ಕೈಗಾಡಿಯವನನ್ನೂ ಅಣ್ಣನನ್ನೂ ಆಸ್ಪತ್ರೆಗೆ ಕರೆದೊಯ್ದರು. ವ್ಯಾಗನ್ನನ್ನು ಹಗ್ಗ ಕಟ್ಟಿ ನಮ್ಮ ಗ್ಯಾರೇಜಿಗೇ ಎಳೆಸಿದರು. ಪೈಪಿನಲ್ಲಿ ಹವಾ ಇದ್ದರೆ ಪೆಡಲ್ ಮೆತ್ತಗೆ ಒಳಗಿಳಿಯುತ್ತದೆ; ಗಟ್ಟಿ ಇದ್ದರೆ ಹವಾದ ದೋಷವಲ್ಲ. ಡ್ರಮ್ ಬಿಚ್ಚಿದೆ. ಒರಟಾಗಿರಬೇಕಾದ ಲೈನಿಂಗ್ ಎಣ್ಣೆ ಹಚ್ಚಿದ ತಲೆಯಂತೆ ಮಿರಿಮಿರಿ ಮಿಂಚುತ್ತಿತ್ತು. ರಿವೆಟ್ಟಿನ ತೂತುಗಳಲ್ಲಿ ಕುಂಕುಮ. ಮೂಸಿ ನೋಡಿದೆ, ಔಡಲ ಎಣ್ಣೆ, ಅಂದರೆ ಹರಳೆಣ್ಣೆ.

ಯಾರ ಕೆಲಸವೆಂದು ಕೇಳಬೇಕಾಗಿರಲಿಲ್ಲ. ವೈನಿಯ ತವರಿನವರು ಬಂಡಿ ಹೂಡುವ ಮಂದಿ. ಊರು ಬಿಡುವ ಮೊದಲು ಗಾಲಿಗೆ, ಅಚ್ಚಿಗೆ ಎಣ್ಣೆ ಕುಡಿಸುವುದು ಅವರ ಮನೆಯಲ್ಲಿ ಎತ್ತಿಗೆ ನೀರು ಕುಡಿಸಿದಷ್ಟೇ ಸಹಜ. ಪೂಜೆಗೆ ಪಾನಾ, ಸುತ್ತಿಗೆಗಳ ಸಾಲಿನಲ್ಲಿ ಶೂಗಳನ್ನೂ ಇಟ್ಟು, ಗಾಲಿಯ ಸಾಮಾನು ಹೀಗೆ ಒಣಗಿದೆಯಲ್ಲ ಎಂದು ಮರುಗಿ ಕೈತುಂಬ ಹಚ್ಚಿದ್ದಾಳೆ. ಹೊಸ ಲೈನಿಂಗ್ ರಾತ್ರಿಯಿಡೀ ಅದನ್ನು ಕುಡಿದಿದೆ. ಬೆಳಗಿನ ತಂಪಿನಲ್ಲಿ ಒಣಗಿದಂತೆ ಕಂಡಿದೆ, ಬ್ರೇಕು ಹಿಡಿದೂ ಇದೆ. ಡ್ರಮ್ ಕಾದಮೇಲೆ ಎಣ್ಣೆ ಬೆವರಿ ಮೇಲೆ ಬಂದಿದೆ. ಕೈಗಾಡಿಯವನ ಕಾಲು ಹೋಯಿತು, ಅಣ್ಣನ ಕೆಲಸ ಹೋಯಿತು, ಇನ್ನು ಇದು ತಿಳಿದರೆ ವೈನಿಯ ಜೀವ ಹೋಗುತ್ತದೆ ಎಂದು ನನಗೆ ನಿಜವಾಗಿ ಭಯವಾಯಿತು.

ಸಂಜೆ ನಾನು ಖೋಲಿಗೆ ಬಂದ ಸ್ವಲ್ಪ ಹೊತ್ತಿಗೆ, ಪೊಲೀಸರು ಹೇಳಿಕೆ ಬರೆಸಿಕೊಂಡು ಬಿಟ್ಟ ಅಣ್ಣ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಒಂದು ಕಣ್ಣು ಮುಚ್ಚಿಹೋಗಿತ್ತು. ಬರುವ ದಾರಿಯಲ್ಲಿ ಗ್ಯಾರೇಜಿಗೆ ಹೋಗಿದ್ದನಂತೆ, ಶೂಗೆ ಎಣ್ಣೆ ತಾಗಿದೆ ಎಂದು ಅಲ್ಲಿಯವರು ಹೇಳಿದ್ದರು. ಬಾಗಿಲು ಹಾಕಿ ಬೆಲ್ಟ್ ಬಿಚ್ಚಿದ. ವೈನಿ ಒಲೆಯ ಹತ್ತಿರ ಕೂತಿದ್ದಳು.

“ಎಣ್ಣಿ ಯಾರು ಹಚ್ಚಿದ್ರು?” ಎಂದ.

ನಾನು ಹಚ್ಚಿದೆ ಎಂದೆ. ಎಣ್ಣೆಯ ಡಬ್ಬಿ ನನ್ನ ಕಾಲು ತಾಗಿ ಶೂಗಳ ಮೇಲೆ ಚೆಲ್ಲಿತು, ಒರೆಸಿ ಬಿಟ್ಟೆ ಎಂದು ಸುಳ್ಳು ಹೇಳಿದೆ. ಆ ಸುಳ್ಳು ಹೇಳುವಾಗ ನನಗೆ ಎದೆ ಉಬ್ಬಿತ್ತು. ಮೊದಲ ಏಟಿಗೆ ಬೆಲ್ಟಿನ ಬಕಲ್ ಬಾಯಿಗೆ ಬಿತ್ತು. ಮುಂದಿನ ಹಲ್ಲು ನಾಲಗೆಯ ಮೇಲೆ ಉದುರಿತು. ಬೆಳಿಗ್ಗೆ ದಾದರಿನ ಜನರಿಂದ ತಿಂದದ್ದನ್ನೆಲ್ಲ ಅವನು ನನಗೆ ಬಡ್ಡಿ ಸಮೇತ ತೀರಿಸಿದ. ಬಿದ್ದವನ ಪಕ್ಕೆಗೆ ಒದ್ದ. ನಾನು ಕೈ ಎತ್ತಲಿಲ್ಲ. ಬೇಗ ದಣಿಯಲಿ, ಇವತ್ತಿಗೆ ಮುಗಿಯಲಿ ಎಂದುಕೊಂಡೆ.

“ಅವನ್ನ ಬಿಡ್ರಿ. ಎಣ್ಣಿ ಹಚ್ಚಿದಾಕಿ ನಾ.”

ವೈನಿ ಎದ್ದು ನಿಂತಿದ್ದಳು. ಕೈಯಲ್ಲಿ ಖಾರ ಕುಟ್ಟುವ ಕಬ್ಬಿಣದ ಹಾರೆ. ನಮ್ಮ ಅಪ್ಪನ ಬಂಡಿಗೆ ಹಚ್ಚಿದ ಹಾಗೆ ಹಚ್ಚಿದೆ, ಬ್ರೇಕಿಗೆ ಎಣ್ಣೆ ಆಗದೆಂದು ಗೊತ್ತಿರಲಿಲ್ಲ ಎಂದಳು. ಆ ಕೈಗಾಡಿಯವನ ಕಾಲು ನನ್ನಿಂದ ಹೋಯಿತು, ನಾಳೆ ಅವನ ಮನೆಗೆ ನಾನೇ ಹೋಗುತ್ತೇನೆ ಎಂದೂ ಹೇಳಿದಳು.

“ಆದ್ರ ನೀವು ನನ್ನ ಮ್ಯಾಲ ಕೈ ಎತ್ತಿದ್ರ, ಇವತ್ತ ನಾನೂ ಎತ್ತಾಕಿ.”

ಅಣ್ಣ ಅವಳನ್ನು ನೋಡಿದ, ಹಾರೆಯನ್ನು ನೋಡಿದ, ಆಮೇಲೆ ನೆಲದಲ್ಲಿ ಬಿದ್ದಿದ್ದ ನನ್ನ ಕಡೆ ತಿರುಗಿದ.

“ಆಕಿ ಕೈ ಹಿಡಿ,” ಎಂದ.

ಅದುವರೆಗೆ ಅವನು ಹೇಳಿದ ಯಾವ ಮಾತನ್ನೂ ನಾನು ಮೀರಿದವನಲ್ಲ. ಎದ್ದು ಗೋಡೆಗೆ ಒರಗಿ ಕೂತೆ. ಹಿಡಿಯುವುದಿಲ್ಲ ಎನ್ನಲು ಬಾಯಿ ತುಂಬ ರಕ್ತ, ತಲೆಯಲ್ಲಾಡಿಸಿದೆ. ಅಣ್ಣ ಒಂದು ಹೆಜ್ಜೆ ಮುಂದಿಟ್ಟ. ವೈನಿ ಹಿಂದೆ ಸರಿಯಲಿಲ್ಲ. ಹಾರೆಯನ್ನು ಎರಡೂ ಕೈಯಿಂದ ಹೆಗಲಿಗೆ ಏರಿಸಿದಳು. ಅವನು ನಿಂತ. ಕಡೆಗೆ ಬೆಲ್ಟನ್ನು ಮೂಲೆಗೆ ಎಸೆದು, ಬಾಗಿಲು ತೆರೆದು ಗ್ಯಾಲರಿಗೆ ಹೋಗಿ ಬೀಡಿ ಹಚ್ಚಿದ. ಬಾಗಿಲಿಗೆ ಕಿವಿ ಕೊಟ್ಟಿದ್ದ ಪಕ್ಕದ ಖೋಲಿಯವರು ಒಳಗೆ ಸೇರಿಕೊಂಡರು.

ವೈನಿ ಅರಿಶಿನ ಕಲಸಿ ತಂದು ನನ್ನ ತುಟಿಗೆ ಒತ್ತಿದಳು. ಕೈ ಬಿರುಸಾಗಿತ್ತು. ನಿನ್ನಿಂದ ಬದುಕಿದೆ ಅನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟು, ಅದೂ ನನ್ನ ಮೇಲೆ.

“ನನ್ನ ಹೊಡ್ತ ನೀ ತಿನ್ನಾಕ ಹೋಗಬ್ಯಾಡ, ತಮ್ಮಾ,” ಎಂದಳು. “ನೀ ತಿಂದಷ್ಟೂ ಅವರಿಗೆ ಹೊಡಿಯೂದು ರೂಢಿ ಆತು.”