ದಳವಾಯಿಗೆ ಬದಲಿ ಆಳು

ಕಾಯಿಸಿದವರನ್ನು ನಾನು ಕ್ಷಮಿಸುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದಷ್ಟು ಕಾಲವೂ ಗಂಟೆ ಹೊಡೆದಾಗ ಎದ್ದೆ, ಗಂಟೆ ಹೊಡೆದಾಗ ಉಂಡೆ. ನಿವೃತ್ತಳಾಗಿ ತಾಳವಾಡಿಗೆ ಮರಳಿದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಬಿಡಬೇಕೆಂದು ಅನ್ನಿಸಲೂ ಇಲ್ಲ.

ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಕಳೆದಿತ್ತು. ತಂಗಿಯ ಮಗಳು ಕೊಯಮತ್ತೂರಿನ ಹಾಸ್ಟೆಲಿನಿಂದ ರಜಕ್ಕೆ ಬಂದವಳು ಒಂದು ಆಟ ತಂದಳು. ಅದು ಪಗಡೆಯೂ ಅಲ್ಲ, ನಾಟಕವೂ ಅಲ್ಲ. ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯಬೇಕು. ಒಬ್ಬರು ಕತೆ ನಡೆಸಬೇಕು. ‘ಎದುರಿಗೆ ಹೊಳೆ ತುಂಬಿ ಹರಿಯುತ್ತಿದೆ, ಏನು ಮಾಡುತ್ತೀರಿ?’ ಎಂದು ಅವರು ಕೇಳಿದರೆ, ಈಜುತ್ತೇನೆ ಅಥವಾ ಹಿಂದಕ್ಕೆ ಹೋಗುತ್ತೇನೆ ಎಂದು ಪಾತ್ರದವರು ಹೇಳುತ್ತಾರೆ. ದಡ ಸೇರಿದರೋ ಮುಳುಗಿದರೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕತೆ ಒಂದೇ ದಿನಕ್ಕೆ ಮುಗಿಯುವುದಿಲ್ಲ, ವಾರದಿಂದ ವಾರಕ್ಕೆ ಬೆಳೆಯುತ್ತದೆ. ಹುಡುಗಿ ರಜೆ ಮುಗಿಸಿ ಹೋದಳು. ದಾಳಗಳನ್ನು ನಾನು ಇಟ್ಟುಕೊಂಡೆ.

ಕತೆ ನಡೆಸುವವಳು ನಾನೇ. ಆಡುವವರು ಮೂವರು. ಹಾಸನೂರಿನಿಂದ ಬಸ್ಸಿನಲ್ಲಿ ಬರುವ ಮೇಷ್ಟ್ರು ನಾಟಿ ವೈದ್ಯನ ಪಾತ್ರ ಹಿಡಿದಿದ್ದರು. ಪೇಟೆಯ ಟೈಲರ್ ಹೆಂಗಸು ಕಳ್ಳಿಯಾಗಿದ್ದಳು. ಅವಳ ತಾಯಿ ಕೂಲಿಗೆ ಹೋಗಿ ಇವಳಿಗೆ ಹೊಲಿಗೆ ಕಲಿಸಿದ್ದಳು. ಭಾನುವಾರ ಅವಳ ಅಂಗಡಿ ರಜ, ಬಟ್ಟೆ ಕತ್ತರಿಸುವ ಮೇಜೇ ನಮ್ಮ ಆಟದ ಮೇಜು. ಮೂರನೆಯವನು ಎರಡು ಬೀದಿ ಆಚೆಯ ರೈತ. ನೀರಾವರಿ ಜಮೀನು, ವಿಭೂತಿ ಹಚ್ಚಿದ ಅಗಲ ಹಣೆ, ತಿರುವಿದ ಮೀಸೆ. ಬೇರೆ ಪಾತ್ರ ಅವನಿಗೆ ಹಿಡಿಸಲೇ ಇಲ್ಲ, ದಳವಾಯಿಯೇ ಆಗಬೇಕಿತ್ತು.

ಎಲ್ಲರಿಗಿಂತ ಹತ್ತಿರವಿದ್ದವನು ಅವನು. ಬರದೆ ಇರುತ್ತಿದ್ದವನೂ ಅವನೇ. ಒಂದು ವಾರ ಮೋಟರಿಗೆ ಕರೆಂಟು ಬಂತೆನ್ನುವನು, ಇನ್ನೊಂದು ವಾರ ಗೆಟ್ಟವಾಡಿಯ ಬೀಗರೆನ್ನುವನು. ದಳವಾಯಿಯಿಲ್ಲದೆ ಕತೆಯಲ್ಲಿ ಗೆಲ್ಲಬೇಕಿದ್ದ ಕೋಟೆಗೆ ಹೋಗುವುದು ಹೇಗೆ? ಆಟ ಮುಂದಕ್ಕೆ ಹಾಕಿ, ಟೀ ಕುಡಿದು ಏಳುತ್ತಿದ್ದೆವು. ಆನೆ ಓಡಾಡುವ ರಸ್ತೆಯಲ್ಲಿ ಬಂದ ಮೇಷ್ಟ್ರು ಅದೇ ರಸ್ತೆಯಲ್ಲಿ ಸುಮ್ಮನೆ ವಾಪಸು ಹೋಗುತ್ತಿದ್ದರು.

ಒಂದು ಭಾನುವಾರ ಮೇಷ್ಟ್ರು ಸತ್ಯಮಂಗಲದ ಅಕ್ಕನ ಮನೆಯಿಂದ ದಿಂಬಂ ಘಾಟಿ ಹತ್ತಿ ನೇರ ಇಲ್ಲಿಗೆ ಬಂದರು. ದಳವಾಯಿ ಆವತ್ತೂ ಇಲ್ಲ. ಸಂಜೆ, ನಾವು ಅಂಗಡಿ ಮುಚ್ಚುವಾಗ ಬಂದ.

“ದಿಂಬಂ ತಿರುವ್ನಲ್ಲಿ ಲಾರಿ ಸಿಕ್ಕಾಕಂಡು ನಿಂತ್ಬುಟ್ಟಿತ್ತು ಕಣ್ ನರ್ಸಮ್ಮ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.”

ಮೇಷ್ಟ್ರು ಚೀಲ ಹೆಗಲಿಗೇರಿಸುತ್ತ ಕೇಳಿದರು. “ಬಜ್ಜಿ ಚೆಂದಾಗಿತ್ತಾ?”

“ಯಾವ ಬಜ್ಜಿ?”

“ದಿಂಬಂ ಟೀ ಅಂಗ್ಡೀಲಿ ಕೂತ್ಕಂಡು ತಿಂತಿದ್ರಲ್ಲ, ಅದು. ನಮ್ಮ ಬಸ್ಸು ನಿಮ್ಮ ಮುಂದ್ಗಡೆಯೇ ಬಂತು. ಲಾರಿಯೂ ಕಾಣ್ನಿಲ್ಲ, ಗೀರಿಯೂ ಕಾಣ್ನಿಲ್ಲ.”

ಅವನು ನಕ್ಕ. ತಪ್ಪಾಯಿತೆನ್ನಲಿಲ್ಲ, ನಕ್ಕ. ಅವನು ಹೋದ ಮೇಲೆ ಮೇಷ್ಟ್ರು ಮೆಲ್ಲಗೆ, “ಇನ್ನೊಂದ್ಸಲ ಇಂಗಾದ್ರೆ ನಾನು ಬರಾಕಿಲ್ಲ ನರ್ಸಮ್ಮ” ಎಂದರು. ಅವರು ಬರುವುದು ನಿಂತರೆ ಆಟವೇ ನಿಲ್ಲುತ್ತಿತ್ತು. ನನಗೆ ವಾರವಿಡೀ ಎದುರುನೋಡಲು ಇದ್ದದ್ದು ಆ ಒಂದು ಮಧ್ಯಾಹ್ನ. ಬಜ್ಜಿ ತಿನ್ನುವವನೊಬ್ಬನ ಸಲುವಾಗಿ ಅದನ್ನು ಕಳೆದುಕೊಳ್ಳಲು ನಾನು ಸಿದ್ಧಳಿರಲಿಲ್ಲ. ಅವನು ನಕ್ಕದ್ದನ್ನಂತೂ ಸುಮ್ಮನೆ ಬಿಡುವವಳಲ್ಲ.

ಮರುವಾರ ಹೊಸ ಕಟ್ಟಳೆ ಮಾಡಿದೆ. ಮಧ್ಯಾಹ್ನದ ಬಸ್ಸಿನಿಂದ ಮೇಷ್ಟ್ರು ಇಳಿದು ಬಂದ ಕೂಡಲೇ ಬಾಗಿಲು ಮುಚ್ಚುವುದು. ಯಾರು ಬರಲಿ ಬಿಡಲಿ, ಕತೆ ಮುಂದಕ್ಕೆ ಹೋಗುತ್ತದೆ. ಬರದವರ ಪಾತ್ರ ಅವರ ಎಡಗಡೆ ಕೂರುವವರ ಕೈಗೆ. ದಳವಾಯಿಯ ಎಡಗಡೆ ಕೂರುತ್ತಿದ್ದವಳು ಟೈಲರ್.

ಆ ವಾರವೂ ಅವನು ಬರಲಿಲ್ಲ. ನಾನು ಕತೆಯಲ್ಲಿ ಒಬ್ಬ ರಾಕ್ಷಸಿಯ ರಾಗಿ ಹೊಲ ತಂದೆ. “ದಳವಾಯಿ ಏನು ಮಾಡುತ್ತಾನೆ?” ಎಂದು ಕೇಳಿದೆ.

ಟೈಲರ್ ಯೋಚಿಸಲೇ ಇಲ್ಲ. “ಕಳೆ ಕೀಳ್ತಾನೆ.”

“ಕತ್ತಿ ಇದೆಯಲ್ಲ, ಯುದ್ಧ ಮಾಡುವುದಿಲ್ಲವೇ?”

“ಕತ್ತೀನ ಬೇಲಿಗೆ ಸಿಗ್ಸವ್ನೆ. ನಮ್ಮವ್ವ ಇವ್ರ ಒಲ್ದಲ್ಲಿ ಸೊಂಟ ಬಗ್ಗಿಸ್ದಂಗೆ ಇವ್ನೂ ಒಂದಿನ ಬಗ್ಗುಸ್ಲಿ. ಸಾಲು ಮುಗಿಯಗಂಟ ಎದ್ದೇಳಂಗಿಲ್ಲ.”

ದಾಳ ಹಾಕಿದಳು. ಒಳ್ಳೆಯ ಗರ ಬಿತ್ತು. ದಳವಾಯಿ ಸಾಲಿಗೆ ಸಾಲು ಕಳೆ ಕಿತ್ತ. ರಾಕ್ಷಸಿ ಅವನ ಕೆಲಸ ಮೆಚ್ಚಿ, ಅವನನ್ನು ಅಡುಗೆಗೂ ಇಟ್ಟುಕೊಂಡಳು. ಮುದ್ದೆ ತೊಳಸುವಾಗ ಉರಿ ತಗುಲಿ ಒಂದು ಕಡೆಯ ಮೀಸೆ ಸುಟ್ಟುಹೋಯಿತು. ಅದು ನಾನು ಸೇರಿಸಿದ್ದು. ಇನ್ನೊಂದು ಕಡೆಯದನ್ನು ವೈದ್ಯರು ಕತ್ತರಿಸಿ ಸರಿಮಾಡಿದರು.

ಅಂಥ ಸುದ್ದಿ ಟೈಲರ್ ಅಂಗಡಿಯಲ್ಲಿ ಉಳಿಯುವುದೇ? ರವಿಕೆ ಹೊಲಿಸಲು ಬಂದವರೆಲ್ಲ ಹೊತ್ತುಕೊಂಡು ಹೋದರು. ವಾರ ಕಳೆಯುವುದರೊಳಗೆ ಟೀ ಅಂಗಡಿಯಲ್ಲಿ ಅವನನ್ನು ಕೇಳತೊಡಗಿದರು. “ಏನ್ ದಳವಾಯಿಗಳೇ, ಮುದ್ದೆ ಬೆಂದದಾ?” “ರಾಕ್ಷಸಿ ಸಂಬ್ಳ ಎಂಗೆ?” ಅವನ ಕೈ ಮೀಸೆಗೆ ಹೋಗುವುದನ್ನು ನಾನೇ ಎದುರು ರಸ್ತೆಯಲ್ಲಿ ನಿಂತು ನೋಡಿದೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಆಗ ಅವನು ಒಂದು ತಪ್ಪು ಮಾಡಿದ. ನಮ್ಮ ಕಡೆ ಹೊಲದ ಕೆಲಸಕ್ಕೆ ಮುಯ್ಯಾಳು ಎಂಬುದಿದೆ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಬರಲಾಗದಿದ್ದರೆ ಮನೆಯಿಂದ ಒಂದಾಳು ಕಳಿಸಿದರೆ ಸಾಕು, ಯಾರೂ ಆಕ್ಷೇಪ ಎತ್ತುವುದಿಲ್ಲ. ಆಟಕ್ಕೂ ಅದೇ ಕಟ್ಟಳೆ ಎಂದು ಅವನು ಭಾವಿಸಿದ. ಮುಂದಿನ ಭಾನುವಾರ ಬಸ್ಸು ಬರುವ ಮೊದಲೇ ಅವನ ಹೆಂಡತಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಳು.

“ಅವ್ರು ಕೋಸ್ಗೆ ನೀರು ಕಟ್ತಾವ್ರೆ ನರ್ಸಕ್ಕ. ‘ನಮ್ಮನೆಯಿಂದ ಒಂದಾಳು ಓದ್ರೆ ಆಯ್ತು, ನೀನೋಗು’ ಅಂದ್ರು. ಏನ್ ಕೆಲ್ಸ ಯೋಳಿ.”

“ಕೂರು. ನೀನು ದಳವಾಯಿ” ಎಂದೆ.

ಅವಳು ಕೂತಳು. ರಾಕ್ಷಸಿಯ ಹೊಲದಲ್ಲಿ ಬಗ್ಗಿ ನಿಂತಿದ್ದೀಯೆ, ಏನು ಮಾಡುತ್ತೀಯೆ ಎಂದು ಕೇಳಿದೆ. “ಮೊದ್ಲು ಬೇಲೀಲಿರೋ ಕತ್ತಿ ತಕತೀನಿ. ಆಮೇಲೆ ರಾಕ್ಷಸಿ ಕುಟೆ ಕುಂತ್ಕಂಡು ಮಾತಾಡ್ತೀನಿ. ಒಂಟಿ ಎಂಗ್ಸು, ಅದ್ಕೇನ್ ಕಷ್ಟವೋ” ಎಂದಳು. ಸಂಜೆಯ ಹೊತ್ತಿಗೆ ರಾಕ್ಷಸಿ ನಮ್ಮ ಕಡೆ ಸೇರಿದ್ದಳು. ಅಷ್ಟು ತಿಂಗಳು ಹೊರಗೇ ನಿಂತಿದ್ದ ನಾವು ಕೋಟೆಯ ಬಾಗಿಲು ದಾಟಿದೆವು. ಮೇಷ್ಟ್ರು ಹೊರಡುವಾಗ, “ಮುಂದಿನ್ವಾರ ಬೇಗ ಬರ್ಲಾ?” ಎಂದರು.

ಮುಂದಿನ ವಾರವೂ ಅವಳೇ ಬಂದಳು, ಅದರ ಮುಂದಿನ ವಾರವೂ. ಈಗ ಕಾಯುವುದು ಅವನ ಪಾಲಿಗೆ ಬಂತು. ಮನೆಯಲ್ಲಿ ಸಂಜೆಯ ಹಾಲು ಅವನೇ ಕರೆಯಬೇಕು, ಒಲೆ ಅವನೇ ಹಚ್ಚಬೇಕು. ಅವಳು ಬಂದು ಕೋಟೆಯ ಕತೆ ಹೇಳಿದರೆ ಕೇಳಬೇಕು.

ಕೊನೆಗೊಂದು ಭಾನುವಾರ ಅವಳ ಜೊತೆ ಅವನೂ ಬಂದ. ಘಾಟಿಯಲ್ಲಿ ಆನೆ ನಿಂತಿದೆಯೆಂದು ಬಸ್ಸು ತಡವಾಗಿತ್ತು. ಅವಳನ್ನು ಒಳಗೆ ಕರೆದು ಬಾಗಿಲಿಗೆ ಅಡ್ಡ ನಿಂತೆ.

“ನನ್ನ ದಳವಾಯಿ ಕೊಡಿ ನರ್ಸಮ್ಮ.”

“ನಿಮ್ಮನೆ ಆಳು ಬಂದಾಯ್ತಲ್ಲಪ್ಪ. ಮನೆಗೊಂದಾಳು ಸಾಕು ಅಂದೋನು ನೀನೇ.”

“ಅದು ಬದ್ಲಿಗೆ ಕಳ್ಸಿದ್ದು ಕಣ್ ನರ್ಸಮ್ಮ!”

“ಮುಯ್ಯಾಳು ಬಿತ್ತಿದ ಹೊಲವನ್ನ ಮತ್ತೆ ಉಳಕ್ಕಾಗ್ತದಾ? ಬೇಕಾದರೆ ಬೇರೆ ಪಾತ್ರ ಇದೆ. ಬಸ್ಸು ಬರಲಿ, ಹೇಳ್ತೀನಿ.”

ಬಾಗಿಲು ಹಾಕಿದೆ. ಬಸ್ಸು ಬರುವತನಕ ಅವನು ಬಿಸಿಲಲ್ಲಿ ನಿಂತ. ಹೋಗಿಬರುವವರೆಲ್ಲ ಮುದ್ದೆಯ ವಿಚಾರ ಕೇಳಿದರು. ಒಳಗಿದ್ದ ನಮಗೆ ಒಂದೊಂದು ಮಾತೂ ಕೇಳಿಸುತ್ತಿತ್ತು. ಹೋಗಿಬಿಡುತ್ತಾನೆಂದು ನಾನು ಎಣಿಸಿದ್ದೆ. ಹೋಗಲಿಲ್ಲ. ಮೇಷ್ಟ್ರು ಬಂದ ಮೇಲೆ ಅವರ ಹಿಂದೆಯೇ ಒಳಗೆ ಬಂದು ಕೂತ.

ಉಳಿದಿದ್ದ ಪಾತ್ರ ಹೇಸರಗತ್ತೆಯದು. ದಳವಾಯಿಯ ಸಾಮಾನು ಹೊರುವ ಕತ್ತೆ.

“ಕತ್ತೆ ಏನ್ ಮಾತಾಡ್ಬೇಕು?” ಎಂದು ಕೇಳಿದ.

“ಕತ್ತೆ ಮಾತಾಡೋದಿಲ್ಲಪ್ಪ. ತಲೆ ಆಡಿಸಬಹುದು. ಕರೆಂಟು, ಲಾರಿ, ಬೀಗರು ಅನ್ನೋದಕ್ಕೆ ಅದಕ್ಕೆ ಬಾಯಿಲ್ಲ.”

ಟೈಲರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವನು ಹೆಂಡತಿಯ ಕಡೆ ನೋಡಿದ. ಅವಳು ದಾಳ ಕೈಯಲ್ಲಿ ಕುಲುಕುತ್ತ, ಗಂಭೀರವಾಗಿ, “ಮೂಟೆ ಎಲ್ಲಾ ಏರ್ಸಿ. ಒರಡ್ವಾ?” ಎಂದಳು.

ಅವನು ತಲೆ ಆಡಿಸಿದ. ಆಟ ನಡೆದಷ್ಟು ವರ್ಷವೂ ಆ ಕತ್ತೆ ಒಂದು ವಾರವೂ ತಪ್ಪಿಸಲಿಲ್ಲ. ಪ್ರತಿ ವಾರ ನಾನು ಅದರ ಬೆನ್ನಿಗೆ ಇನ್ನೊಂದು ಮೂಟೆ ಸೇರಿಸುತ್ತಿದ್ದೆ.